ಐದು ವರ್ಷ, 9,400 ಗುಂಡು: ತರಬೇತಿಯ ಮಧ್ಯೆ ಕೈಕೊಟ್ಟ ನನ್ನ ರೈಫಲ್

ಈ ರೈಫಲ್ ನನ್ನ ಕೈಗೆ ಬಂದು ಐದು ವರ್ಷವಾಯಿತು. ಎಆರ್-15 ಮಾದರಿಯದು, 5.56 ಮಿ.ಮೀ. ಎಷ್ಟು ಗುಂಡು ಹಾರಿಸಿದೆ ಅಂತ ಮೊದಲ ದಿನದಿಂದಲೂ ಒಂದು ಪುಸ್ತಕದಲ್ಲಿ ಬರೆದಿಡುತ್ತಿದ್ದೇನೆ. ಇವತ್ತಿಗೆ 9,400 ಆಗಿದೆ. ಕೊಂಡ ವಾರದಲ್ಲೇ ಬರೆದಿದ್ದರೆ ಐದಕ್ಕೆ ಐದು ಕೊಡುತ್ತಿದ್ದೆ. ಈಗ ನಾಲ್ಕು ಕೊಡುತ್ತೇನೆ. ಒಂದು ಅಂಕ ಕಳೆದದ್ದು ಕಿರುಬೆರಳಿನ ಒಂದು ಗೆಣ್ಣಿನಷ್ಟು ಉದ್ದದ ಭಾಗಕ್ಕಾಗಿ.

ಒಳ್ಳೆಯದನ್ನು ಮೊದಲು ಹೇಳಿಬಿಡುತ್ತೇನೆ. ಗುರಿ ಇಂದಿಗೂ ಚೆನ್ನಾಗಿದೆ. ಬ್ಯಾರಲ್ ಬಗ್ಗೆ ದೂರಿಲ್ಲ. ಹಿಡಿತ, ತೂಕ, ಟ್ರಿಗರ್ ಎಲ್ಲ ಕೈಗೆ ಒಗ್ಗಿಹೋಗಿವೆ. ಬಿಚ್ಚಿ ಒರೆಸುವುದೂ ಸುಲಭ.

ಇನ್ನು ಆ ಚಿಕ್ಕ ಭಾಗದ ವಿಷಯ. ಅದರ ಹೆಸರು ಎಕ್ಸ್‌ಟ್ರ್ಯಾಕ್ಟರ್. ತೋಟಾವನ್ನು ಹಿಂದಿನಿಂದ ಮುಚ್ಚಿ ಹಿಡಿಯುವ ಬೋಲ್ಟ್‌ನ ಪಕ್ಕದಲ್ಲಿ ಕೂತಿರುವ ಉಕ್ಕಿನ ಉಗುರು. ಗುಂಡು ಹಾರಿದ ಮೇಲೆ ಖಾಲಿ ಕೇಸಿನ (ತೋಟಾದ ಕವಚದ) ಅಂಚನ್ನು ಹಿಡಿದು ಚೇಂಬರ್‌ನಿಂದ, ಅಂದರೆ ಬ್ಯಾರಲ್‌ನ ಹಿಂತುದಿಯಲ್ಲಿ ತೋಟಾ ಕೂರುವ ಜಾಗದಿಂದ, ಹೊರಗೆಳೆಯುವುದು ಇದರ ಕೆಲಸ. ಅದರ ಕೆಳಗೆ ಒಂದು ಪುಟ್ಟ ಸ್ಪ್ರಿಂಗ್, ಸ್ಪ್ರಿಂಗ್ ಒಳಗೆ ಒಂದು ಚಿಕ್ಕ ರಬ್ಬರ್ ತುಂಡು. ಸ್ಪ್ರಿಂಗ್ ಸೋತರೆ ಉಗುರಿನ ಹಿಡಿತ ಸಡಿಲವಾಗುತ್ತದೆ. ಉಗುರಿನ ತುದಿ ಚಕ್ಕೆ ಎದ್ದರೆ ಹಿಡಿಯಲು ಏನೂ ಉಳಿಯುವುದಿಲ್ಲ. ನನ್ನದರಲ್ಲಿ ಎರಡೂ ಆಗಿತ್ತು.

ಎರಡು ದಿನದ ತರಬೇತಿ, ಎರಡನೇ ದಿನ ಮಧ್ಯಾಹ್ನ. ಪುಸ್ತಕದ ಪ್ರಕಾರ ಸುಮಾರು 5,800ನೇ ಗುಂಡು. ರೈಫಲ್ ಚೆನ್ನಾಗಿ ಕಾದಿತ್ತು. ಒಂದು ಗುಂಡು ಹಾರಿತು, ಮುಂದಿನದಕ್ಕೆ ಟ್ರಿಗರ್ ಎಳೆದರೆ ಏನೂ ಇಲ್ಲ. ವಾಲಿಸಿ ನೋಡಿದೆ. ಖಾಲಿ ಕೇಸ್ ಚೇಂಬರ್‌ನಲ್ಲೇ ಉಳಿದಿತ್ತು, ಅದರ ಹಿಂದೆ ಹೊಸ ತೋಟಾ ಬಂದು ಸಿಕ್ಕಿಹಾಕಿಕೊಂಡಿತ್ತು. ಡಬಲ್ ಫೀಡ್. ಬೆಳಗ್ಗೆಯಷ್ಟೇ ಇದನ್ನು ಅಭ್ಯಾಸ ಮಾಡಿದ್ದೆವು. ಬೆರಳು ಟ್ರಿಗರ್‌ನಿಂದ ಹೊರಗೆ, ಮೂತಿ ಗುರಿಯ ಕಡೆಗೇ. ಬೋಲ್ಟ್ ಹಿಂದೆ ನಿಲ್ಲಿಸಿ, ಮ್ಯಾಗಜೀನ್ ಕಿತ್ತು ತೆಗೆದು, ಮೂರು ಸಲ ಜೋರಾಗಿ ಎಳೆದು ಬಿಟ್ಟು, ಹೊಸ ಮ್ಯಾಗಜೀನ್ ಹಾಕಬೇಕು. ಹಾಗೇ ಮಾಡಿದೆ, ಸರಿಹೋಯಿತು. ಹನ್ನೆರಡು ಗುಂಡು ಕಳೆಯುವಷ್ಟರಲ್ಲಿ ಮತ್ತೆ ಅದೇ. ಈ ಸಲ ಎಷ್ಟು ಎಳೆದರೂ ಕೇಸ್ ಬರಲಿಲ್ಲ. ಕೈ ಎತ್ತಿದೆ.

"ಸರ್, ಒಳಗೇ ಕಚ್ಚಿಕೊಂಡಿದೆ" ಅಂದೆ.

"ಎಳೀಬೇಡಿ ಇನ್ನು. ಮೂತಿ ಹಾಗೇ ಇರಲಿ, ನಾನು ಲೈನ್ ನಿಲ್ಲಿಸ್ತೀನಿ" ಅಂದರು ತರಬೇತುದಾರರು.

ಆಮೇಲೆ ಅವರು ಮಾಡಿದ್ದನ್ನು ಸ್ವಲ್ಪ ವಿವರವಾಗಿ ಬರೆಯುತ್ತೇನೆ. ಇದು ಯಾವ ಕೈಪಿಡಿಯಲ್ಲೂ ನನಗೆ ಇಷ್ಟು ಚೆನ್ನಾಗಿ ಅರ್ಥವಾಗಿರಲಿಲ್ಲ. ಮೊದಲು ಎಲ್ಲರ ರೈಫಲ್ ಖಾಲಿ ಮಾಡಿಸಿ ಕೆಳಗಿಡಿಸಿದರು. ನನ್ನದರ ಮ್ಯಾಗಜೀನ್ ತೆಗೆದು, ಬೋಲ್ಟ್ ಹಿಂದೆ ನಿಲ್ಲಿಸಿ, ಟಾರ್ಚ್ ಬಿಟ್ಟು ನೋಡಿದರು. ಒಳಗಿರುವುದು ಖಾಲಿ ಕೇಸೇ ಅಂತ ಖಾತ್ರಿ ಮಾಡಿಕೊಳ್ಳುವವರೆಗೆ ಯಾವುದನ್ನೂ ಮುಟ್ಟಲಿಲ್ಲ. ತೋಟಾ ಹೊತ್ತಿಸುವ ಕ್ಯಾಪ್ ಮೇಲೆ ಫೈರಿಂಗ್ ಪಿನ್ ಹೊಡೆದ ಗುರುತಿದ್ದರೆ ಸಾಲದು, ಕುಟ್ಟಿದರೂ ಸಿಡಿಯದ ತೋಟಾದಲ್ಲೂ ಆ ಗುರುತು ಇರುತ್ತದೆ ಅಂದರು. ಕೊನೆಯ ಗುಂಡು ಗುರಿಗೆ ತಗುಲಿದ್ದನ್ನು ನಾವಿಬ್ಬರೂ ಕಂಡಿದ್ದೆವು. ಆಮೇಲೆ ಮೂತಿಯ ಕಡೆಯಿಂದ ಕ್ಲೀನಿಂಗ್ ರಾಡ್ ಹಾಕಿ ಮೆಲ್ಲಗೆ ತಟ್ಟಿದರು. ಕೇಸ್ ಬಿತ್ತು. ಒಳಗೆ ಸಿಡಿಯದ ತೋಟಾ ಇದ್ದಿದ್ದರೆ ರಾಡ್ ಹಾಕುವ ಮಾತೇ ಇಲ್ಲ.

ಬೋಲ್ಟ್ ಬಿಚ್ಚಿ ನೋಡಿದರೆ ಉಗುರಿನ ತುದಿಯಲ್ಲಿ ಅಕ್ಕಿಕಾಳಿನ ಮುರುಕಿನಷ್ಟು ಚಕ್ಕೆ ಹೋಗಿತ್ತು.

ಪಕ್ಕದ ಲೈನಿನವರು ಪಾಪ, ತಮ್ಮ ಬಿಡಿ ಬೋಲ್ಟ್ ಕೊಡಲು ಮುಂದೆ ಬಂದರು. ನಾನು ತೆಗೆದುಕೊಂಡೇಬಿಡುತ್ತಿದ್ದೆ. ತರಬೇತುದಾರರು ಬೇಡ ಅಂದರು. ಬೋಲ್ಟ್ ಬದಲಾದರೆ ಅದಕ್ಕೂ ಬ್ಯಾರಲ್‌ಗೂ ಇರುವ ಹೆಡ್‌ಸ್ಪೇಸ್, ಅಂದರೆ ಬೋಲ್ಟ್ ಮುಖದಿಂದ ಚೇಂಬರ್‌ನಲ್ಲಿ ತೋಟಾ ತಡೆದು ನಿಲ್ಲುವ ಜಾಗದವರೆಗಿನ ಅಂತರ, ಬದಲಾಗಬಹುದು. ಅದನ್ನು ಅಳೆಯುವ ಗೇಜ್ ಹಾಕಿ ನೋಡದೆ ಇನ್ನೊಬ್ಬರ ಬೋಲ್ಟ್‌ನಲ್ಲಿ ಗುಂಡು ಹಾರಿಸಬಾರದು. ಎಕ್ಸ್‌ಟ್ರ್ಯಾಕ್ಟರ್ ಮಾತ್ರ ಬದಲಿಸಿದರೆ ಆ ತೊಂದರೆ ಇಲ್ಲ. ಅವರ ಡಬ್ಬಿಯಲ್ಲಿ ಒಂದು ಸೆಟ್ ಇತ್ತು. ಫೈರಿಂಗ್ ಪಿನ್ನಿನ ತುದಿಯಿಂದಲೇ ಎಕ್ಸ್‌ಟ್ರ್ಯಾಕ್ಟರ್ ಪಿನ್ ತಳ್ಳಿ ತೆಗೆದು, ಹೊಸದನ್ನು ಕೂರಿಸಿದರು. ಹತ್ತು ನಿಮಿಷವೂ ಆಗಲಿಲ್ಲ. ವಾಪಸ್ ಜೋಡಿಸುವಾಗ, ಬೋಲ್ಟನ್ನು ತಿರುಗಿಸಿ ಲಾಕ್ ಮಾಡಿಸುವ ಕ್ಯಾಮ್ ಪಿನ್ ಹಾಕಿದ್ದನ್ನು ನನ್ನ ಕಣ್ಣಿಗೆ ತೋರಿಸಿಯೇ ಮುಂದೆ ಹೋದರು. ಅದನ್ನು ಮರೆತು ಜೋಡಿಸಿದರೂ ಈ ರೈಫಲ್ ಗುಂಡು ಹಾರಿಸಬಲ್ಲದು. ಬೋಲ್ಟ್ ಲಾಕ್ ಆಗಿರುವುದಿಲ್ಲ, ರೈಫಲ್ ಕೈಯಲ್ಲೇ ಸಿಡಿಯುತ್ತದೆ. ಅವಸರದಲ್ಲಿ ಜೋಡಿಸುವವರು ದಯವಿಟ್ಟು ಇದನ್ನು ನೆನಪಿಟ್ಟುಕೊಳ್ಳಿ.

ಸಂಜೆವರೆಗೆ ಇನ್ನೂ ಇನ್ನೂರು ಗುಂಡು ಹಾರಿಸಿದೆ. ಒಂದೂ ನಿಲ್ಲಲಿಲ್ಲ.

ರೈಫಲ್ ನನಗೆ ಮೊದಲೇ ಸೂಚನೆ ಕೊಟ್ಟಿತ್ತು ಅಂತ ಮನೆಗೆ ಬಂದು ಪುಸ್ತಕ ತಿರುವಿದಾಗ ಗೊತ್ತಾಯಿತು. ಮೊದಲೆಲ್ಲ ಖಾಲಿ ಕೇಸುಗಳು ಬಲಕ್ಕೆ, ಸ್ವಲ್ಪ ಹಿಂದಕ್ಕೆ, ಒಂದೇ ಕಡೆ ಬೀಳುತ್ತಿದ್ದವು. ತರಬೇತಿಗೆ ಹಿಂದಿನ ಎರಡು ತಿಂಗಳು ದಿಕ್ಕಿಲ್ಲದೆ ಬೀಳುತ್ತಿದ್ದವು. "ಕೇಸ್ ಚೆಲ್ಲಾಪಿಲ್ಲಿ, ತೋಟಾ ಸರಿಯಿಲ್ಲವೇನೋ" ಅಂತ ನಾನೇ ಬರೆದಿದ್ದೆ. ಸುಮ್ನೆ ತೋಟಾ ಬದಲಿಸಿದೆ, ಬೋಲ್ಟ್ ನೋಡಲಿಲ್ಲ. ಅದು ನನ್ನ ತಪ್ಪು.

ಕಂಪನಿಯ ತಪ್ಪೂ ಇದೆ. ಬರೆದ ಎರಡು ವಾರಕ್ಕೆ ಹೊಸ ಎಕ್ಸ್‌ಟ್ರ್ಯಾಕ್ಟರ್ ಕಳಿಸಿದರು, ಮರ್ಯಾದೆಯಾಗಿಯೇ ಮಾತಾಡಿದರು. ಆದರೆ ಅವರ ಕೈಪಿಡಿಯಲ್ಲಿ ಈ ಸ್ಪ್ರಿಂಗ್ ಯಾವಾಗ ಬದಲಿಸಬೇಕು ಅಂತ ಒಂದು ಸಾಲೂ ಇಲ್ಲ. ಎಣ್ಣೆ ಹಾಕುವುದಕ್ಕೆ ಎರಡು ಪುಟ ಕೊಟ್ಟವರು ಒಂದು ಸಾಲು ಇದಕ್ಕೂ ಕೊಡಬಹುದಿತ್ತು. ನಾನು ಅಂಕ ಕಡಿಮೆ ಮಾಡಿದ್ದು ಇದಕ್ಕೇ. ಭಾಗ ಸವೆಯುವುದು ಸಹಜ, ಹೇಳದೆ ಇರುವುದು ಸರಿಯಲ್ಲ.

ಅದಾದ ಮೇಲೆ 3,600 ಗುಂಡು ಹಾರಿಸಿದ್ದೇನೆ, ಈ ತೊಂದರೆ ಮತ್ತೆ ಬಂದಿಲ್ಲ. 3,000ಕ್ಕೊಮ್ಮೆ ಸ್ಪ್ರಿಂಗ್ ಬದಲಿಸುತ್ತೇನೆ. ಇದು ನಾನೇ ಹಾಕಿಕೊಂಡ ಲೆಕ್ಕ. ಒರೆಸುವಾಗ ಉಗುರಿನ ಅಡಿಯ ಮಸಿಯನ್ನು ಬ್ರಷ್‌ನಿಂದ ತೆಗೆಯುತ್ತೇನೆ. ಬಿಚ್ಚಿದ ಬೋಲ್ಟ್‌ಗೆ ಒಂದು ಖಾಲಿ ಕೇಸ್ ಸಿಕ್ಕಿಸಿ ಅಲ್ಲಾಡಿಸುತ್ತೇನೆ, ಜಾರಿದರೆ ಸ್ಪ್ರಿಂಗ್ ಹೋಗಿದೆ ಅಂತ. ಕ್ಯಾಮ್ ಪಿನ್ ತೂತಿನ ಸುತ್ತ ಮತ್ತು ಬೋಲ್ಟ್‌ನ ಹಲ್ಲುಗಳ ಬುಡದಲ್ಲಿ ಬಿರುಕಿದೆಯೇ ಅಂತ ಭೂತಗನ್ನಡಿ ಹಿಡಿದು ನೋಡುತ್ತೇನೆ. ಬೋಲ್ಟ್ ಸುತ್ತ ಗ್ಯಾಸ್ ಸೋರದಂತೆ ತಡೆಯುವ ಗ್ಯಾಸ್ ರಿಂಗ್ ಮೂರಕ್ಕೂ ಸುಲಭದ ಪರೀಕ್ಷೆ ಇದೆ. ಬೋಲ್ಟನ್ನು ಮುಂದಕ್ಕೆಳೆದು, ಅದರ ತಲೆಯ ಮೇಲೆ ಕ್ಯಾರಿಯರ್ (ಬೋಲ್ಟ್ ಕೂತಿರುವ ಭಾಗ) ನಿಲ್ಲಿಸಬೇಕು. ತನ್ನ ಭಾರಕ್ಕೆ ತಾನೇ ಕುಸಿದರೆ ರಿಂಗ್ ಸವೆದಿವೆ.

ಮುಂದಿನ ತಿಂಗಳು ಅದೇ ತರಬೇತಿಗೆ ಮತ್ತೆ ಹೋಗುತ್ತಿದ್ದೇನೆ. ಈ ಸಲ ನನ್ನ ಬ್ಯಾರಲ್‌ಗೇ ಗೇಜ್ ಹಾಕಿ ನೋಡಿಸಿದ ಬಿಡಿ ಬೋಲ್ಟ್ ಒಂದು ಚೀಲದಲ್ಲಿದೆ. ಜೊತೆಗೆ ಎರಡು ಎಕ್ಸ್‌ಟ್ರ್ಯಾಕ್ಟರ್ ಸೆಟ್. ಒಂದು ನನಗೆ, ಇನ್ನೊಂದು ಅವತ್ತು ಅವರ ಡಬ್ಬಿಯಿಂದ ಖಾಲಿಯಾದದ್ದರ ಬದಲಿಗೆ.