ಮೊಲದ ಕಾಲು ಮುರಿದಾಗ ನಾವು ಹೋದ ಆಸ್ಪತ್ರೆ: ಬೀದರ್‌ನ ಪಶುವೈದ್ಯಕೀಯ ಕಾಲೇಜು

ಕಲಬುರಗಿಯಲ್ಲಿ ಮೊಲ ಸಾಕಿರುವವರಿಗೆ ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಅದರ ಕಾಲಿಗೆ ದೊಡ್ಡ ಪೆಟ್ಟಾದರೆ ನಾಳೆ ನೋಡೋಣ ಅನ್ನಬೇಡಿ. ಬುಟ್ಟಿಯಲ್ಲಿ ಇಟ್ಟುಕೊಂಡು ಬೀದರ್ ದಾರಿ ಹಿಡಿಯಿರಿ. ನಾನು ಎರಡು ದಿನ ಕಾದೆ. ಆ ಎರಡು ದಿನ ನೆನಪಾದರೆ ಈಗಲೂ ಹೊಟ್ಟೆಯಲ್ಲಿ ಸಂಕಟವಾಗುತ್ತದೆ.

ನಮ್ಮ ಮೊಲದ ಹೆಸರು ಅಳ್ಳು. ಪಂಚಮಿ ಹಬ್ಬಕ್ಕೆ ಮನೆಯಲ್ಲಿ ಜೋಳದ ಅಳ್ಳು ಹುರಿಯುತ್ತಿದ್ದಾಗ ಮಗಳು ಅದನ್ನು ಎತ್ತಿಕೊಂಡು ಬಂದಳು. ಬೆಳ್ಳಗೆ, ಉಬ್ಬಿಕೊಂಡು, ಬಾಣಲೆಯಿಂದ ಈಗಷ್ಟೇ ಹಾರಿ ಬಿದ್ದ ಹಾಗಿತ್ತು. ಹೆಸರಿಟ್ಟವರು ನಮ್ಮ ಅತ್ತೆ. ನಾನು ಮನೆಯಲ್ಲೇ ಬಟ್ಟೆ ಹೊಲಿಯುತ್ತೇನೆ. ಹಗಲೆಲ್ಲಾ ಅದು ಮಷಿನ್ ಕೆಳಗೆ, ನನ್ನ ಕಾಲ ಹತ್ತಿರವೇ ಮಲಗುತ್ತಿತ್ತು. ರಾತ್ರಿ ಮಾತ್ರ ಪಂಜರದಲ್ಲಿ.

ಆ ಪಂಜರವೇ ಮುಳುವಾಯಿತು. ಅದರ ತಳ ತಂತಿ ಜಾಲರಿಯದು. ಹಿಕ್ಕೆ ಕೆಳಗೆ ಬೀಳುತ್ತದೆ, ಸ್ವಚ್ಛವಾಗಿರುತ್ತದೆ ಎಂದು ಅಂಗಡಿಯವರು ಹೇಳಿದ್ದನ್ನು ನಾನೂ ನಂಬಿದ್ದೆ. ಫೆಬ್ರವರಿಯಲ್ಲಿ ಒಂದು ರಾತ್ರಿ ಓಣಿಯಲ್ಲಿ ಮದುವೆ ಮೆರವಣಿಗೆ ಬಂತು. ಪಟಾಕಿ ಸದ್ದಿಗೆ ಅಳ್ಳು ಬೆದರಿ ಜಿಗಿಯಿತು. ಹಿಂದಿನ ಎಡಗಾಲು ಜಾಲರಿಯಲ್ಲಿ ಸಿಕ್ಕಿಕೊಂಡಿತ್ತು. ನಾನು ಓಡಿ ಹೋಗುವಷ್ಟರಲ್ಲಿ ಮೊಣಕಾಲಿನ ಕೆಳಗೆ ಎಲುಬು ಚರ್ಮ ಹರಿದು ಹೊರಗೆ ಬಂದಿತ್ತು. ಅದು ಒಂದು ಸಲ ಚೀರಿತು. ಆಮೇಲೆ ಸದ್ದೇ ಇಲ್ಲ. ಮೂಲೆಯಲ್ಲಿ ಮುದುಡಿ ಕೂತು ಹಲ್ಲು ಕಡಿಯುತ್ತಿತ್ತು.

ಮರುದಿನ ಹತ್ತಿರದ ಒಂದು ಕಡೆ ತೋರಿಸಿದೆವು. ಕಡ್ಡಿ ಇಟ್ಟು ಬಿಗಿಯಾಗಿ ಪಟ್ಟಿ ಕಟ್ಟಿದರು. ಅಲ್ಲಿದ್ದ ಒಬ್ಬರು, "ಮೊಲ ಅಲ್ವಾ ಅಕ್ಕಾ, ಇನ್ನೊಂದು ತಗೊಂಡ್ರಾಯ್ತು" ಅಂದರು. ಮಗಳು ಪಕ್ಕದಲ್ಲೇ ನಿಂತಿದ್ದಳು. ಸಂಜೆ ಹೊತ್ತಿಗೆ ಅಳ್ಳು ಕೊತ್ತಂಬರಿ ಸೊಪ್ಪನ್ನೂ ಮುಟ್ಟಲಿಲ್ಲ. ಅದರ ಮರುದಿನ ನೋಡಿದರೆ ಪಟ್ಟಿಯಿಂದ ಹೊರಗಿದ್ದ ಬೆರಳುಗಳು ಊದಿ, ತಣ್ಣಗಾಗಿದ್ದವು. ಪಂಜರದಲ್ಲಿ ಒಂದು ಹಿಕ್ಕೆಯೂ ಇರಲಿಲ್ಲ. ನೋವಿಗೆ ತಿನ್ನುತ್ತಿಲ್ಲ, ನೋವು ಇಳಿದರೆ ತಿನ್ನುತ್ತದೆ ಎಂದು ನಾನು ಸುಮ್ನೆ ಇದ್ದೆ. ಹಾಗೆ ಇರಬಾರದಿತ್ತು.

ಮೂರನೇ ದಿನ ಬೆಳಗ್ಗೆ ಐದಕ್ಕೆ ಬಾಡಿಗೆ ಕಾರು ಮಾಡಿಕೊಂಡು ಹೊರಟೆವು. ಕಮಲಾಪುರ, ಹುಮನಾಬಾದ್ ದಾಟಿ ಬೀದರ್‌ಗೆ ಸುಮಾರು 110 ಕಿಲೋಮೀಟರ್. ಬುಟ್ಟಿಯ ತಳಕ್ಕೆ ಹಳೆ ಕೌದಿ ಹಾಸಿ, ಇನ್ನೊಂದು ತುಂಡನ್ನು ಸುರುಳಿ ಮಾಡಿ ಅದರ ಸುತ್ತ ಇಟ್ಟೆ. ಕಾರು ಕುಲುಕಿದರೂ ಮೈ ಅಲುಗಬಾರದು ಎಂದು.

ಆಸ್ಪತ್ರೆ ನಂದಿನಗರದಲ್ಲಿದೆ, ಪಶುವೈದ್ಯಕೀಯ ಕಾಲೇಜಿನ ಆವರಣದಲ್ಲೇ. ಕರ್ನಾಟಕ ಪಶುವೈದ್ಯಕೀಯ, ಪಶು ಮತ್ತು ಮೀನುಗಾರಿಕೆ ವಿಜ್ಞಾನಗಳ ವಿಶ್ವವಿದ್ಯಾಲಯದ ಮುಖ್ಯ ಕಚೇರಿ ಇರುವುದೂ ಅಲ್ಲೇ. ಎಮ್ಮೆ, ಆಡು, ನಾಯಿ ಎಲ್ಲಾ ಸಾಲಾಗಿ ನಿಂತಿದ್ದವು. ನಮ್ಮ ಬುಟ್ಟಿ ಅವುಗಳ ನಡುವೆ ಎಲ್ಲೋ ಕಳೆದುಹೋದ ಹಾಗಿತ್ತು. ಇಲ್ಲಿ ಮೊಲಕ್ಕೆ ಯಾರು ಬೆಲೆ ಕೊಡುತ್ತಾರೆ ಅನ್ನಿಸಿತು.

ಆದರೆ ಮೊದಲು ಬಂದ ವಿದ್ಯಾರ್ಥಿನಿ ಕಾಲನ್ನು ಮುಟ್ಟಲೇ ಇಲ್ಲ. "ಯಾವಾಗಿಂದ ತಿಂದಿಲ್ರಿ ಆಂಟಿ? ಹಿಕ್ಕಿ ಯಾವಾಗ ಹಾಕಿತ್ತು?" ಅಂತ ಕೇಳಿದಳು. ಹೊಟ್ಟೆಗೆ ಸ್ಟೆತೊಸ್ಕೋಪ್ ಇಟ್ಟು ಬಹಳ ಹೊತ್ತು ಆಲಿಸಿದಳು. ನನಗೆ ಈ ಆಸ್ಪತ್ರೆ ಮೇಲೆ ನಂಬಿಕೆ ಬಂದಿದ್ದು ಆ ಗಳಿಗೆಯಲ್ಲಿ. ಮೊಲದ ಹೊಟ್ಟೆ ಸದಾ ಅರೆಯುತ್ತಲೇ ಇರಬೇಕಂತೆ. ಅರ್ಧ ದಿನ ಏನೂ ತಿನ್ನದಿದ್ದರೂ ಕರುಳು ನಿಧಾನವಾಗುತ್ತದೆ, ಗಾಳಿ ತುಂಬುತ್ತದೆ, ಕಾಲಿನ ಗಾಯಕ್ಕಿಂತ ಮೊದಲು ಅದೇ ಜೀವ ತೆಗೆಯುತ್ತದೆ. ನೋವಿಗೆ ಇಂಜೆಕ್ಷನ್ ಕೊಟ್ಟರು. ಚರ್ಮದ ಕೆಳಗೆ ಸಲೈನ್ ಹಾಕಿದರು. ಬೆಚ್ಚಗೆ ಮಾಡಿದರು. ಎಕ್ಸ್‌ರೇ ತೆಗೆದಿದ್ದು ಆಮೇಲೆ.

ಆಪರೇಷನ್ ಇರಬಹುದು ಎಂದು ನಾನು ಬೆಳಗ್ಗೆಯಿಂದ ಸೊಪ್ಪು ಮುಂದೆ ಇಟ್ಟಿರಲೇ ಇಲ್ಲ. ಮನುಷ್ಯರಿಗೆ ಹಾಗೆ ತಾನೇ ಹೇಳುವುದು? ಡಾಕ್ಟರ್‌ಗೆ ಅದನ್ನು ಹೇಳಿದೆ. ಮೊಲಕ್ಕೆ ವಾಂತಿ ಮಾಡಲು ಬರುವುದೇ ಇಲ್ಲ, ಅದಕ್ಕೇ ಅದನ್ನು ಉಪವಾಸ ಇಡುವುದಿಲ್ಲ ಅಂದರು. ಮನೆಯಲ್ಲಿ ಮಕ್ಕಳಿಗೆ ತಂದ ಅಮಾಕ್ಸಿಸಿಲಿನ್ ಸಿರಪ್ ಇದೆ, ಗಾಯ ಒಣಗಲು ಹಾಕಲೇ ಎಂದು ಕೇಳಿದೆ. "ಹಾಕಿಲ್ಲ ಅಲ್ರಿ?" ಎಂದು ಗಾಬರಿಯಿಂದ ಕೇಳಿದರು. ಬಾಯಿಂದ ಕೊಟ್ಟರೆ ಅದು ಮೊಲದ ಕರುಳಿನಲ್ಲಿರುವ ಒಳ್ಳೆ ಕ್ರಿಮಿಗಳನ್ನು ಕೊಂದು, ಕೆಟ್ಟವು ಬೆಳೆಯುವ ಹಾಗೆ ಮಾಡುತ್ತದೆ. ಮೊಲ ಸತ್ತೇ ಹೋಗಬಹುದು. ದಯವಿಟ್ಟು ಇದನ್ನು ನೆನಪಿಡಿ. ಮನೆಯ ಔಷಧಿ ಡಬ್ಬಿಯಿಂದ ಮೊಲಕ್ಕೆ ಏನನ್ನೂ ಕೊಡಬೇಡಿ.

ಎಕ್ಸ್‌ರೇಯಲ್ಲಿ ಎಲುಬು ನಾಲ್ಕು ಚೂರಾಗಿತ್ತು. ಮೊಲದ ಎಲುಬು ಬಹಳ ಹಗುರ ಎಂದು ಡಾಕ್ಟರ್ ಚಿತ್ರ ತೋರಿಸಿ ಹೇಳಿದರು. ಬೆಕ್ಕಿನ ಮೈತೂಕದಲ್ಲಿ ಎಲುಬಿನ ಪಾಲು ನೂರಕ್ಕೆ 12-13 ಇದ್ದರೆ ಮೊಲದಲ್ಲಿ 7-8 ಮಾತ್ರ. ಆದರೆ ಹಿಂಗಾಲಿನ ಮಾಂಸಕ್ಕೆ ವಿಪರೀತ ಬಲ. ಹೆದರಿ ಒದ್ದರೆ ತನ್ನ ಬಲಕ್ಕೆ ತನ್ನದೇ ಎಲುಬು ಮುರಿಯುತ್ತದೆ, ಬೆನ್ನುಮೂಳೆ ಕೂಡ. ರಕ್ತದ ಓಡಾಟ ಇದ್ದಿದ್ದರೆ ಕಂಬಿ ಹಾಕಿ ನೋಡಬಹುದಿತ್ತು. ಬೆರಳು ಆಗಲೇ ಸತ್ತಿದ್ದವು, ಗಾಯ ವಾಸನೆ ಬರುತ್ತಿತ್ತು. ತೊಡೆಯ ಹತ್ತಿರ ತೆಗೆಯಬೇಕು ಅಂದರು. ಮೊಣಕಾಲಿನ ತನಕ ಉಳಿಸಿಕೊಡಿ ಎಂದು ನಾನು ಕೇಳಿಕೊಂಡೆ. ಉಳಿದ ಮೋಟನ್ನು ಅದು ನೆಲಕ್ಕೆ ಊರಲು ಹೋಗಿ ದಿನವೂ ಗಾಯ ಮಾಡಿಕೊಳ್ಳುತ್ತದೆ ಎಂದು ತಾಳ್ಮೆಯಿಂದ ವಿವರಿಸಿದರು. ಆಪರೇಷನ್‌ನಲ್ಲೇ ಜೀವ ಹೋಗುವ ಅಪಾಯ ಇದೆ ಎಂಬುದನ್ನೂ ಮುಚ್ಚಿಡಲಿಲ್ಲ.

ಮಗಳು ಅಳುತ್ತಿದ್ದಳು. ಡಾಕ್ಟರ್ ಅವಳ ಎತ್ತರಕ್ಕೆ ಕುಕ್ಕರಗಾಲಲ್ಲಿ ಕೂತು, "ಮೂರು ಕಾಲಿನ ಮ್ಯಾಲೆ ಓಡಾಡ್ತದ ಪುಟ್ಟಿ. ಈ ನೋವಿನ ಕಾಲು ಇಟ್ಕೊಂಡು ಕೂಡೋಕಿಂತ ಅದು ಛಲೋ ಅದ" ಅಂದರು. ಮಗಳು ತಲೆಯಾಡಿಸಿದಳು. ಕಾಗದಕ್ಕೆ ನಾನು ಸಹಿ ಹಾಕಿದೆ.

ಮಧ್ಯಾಹ್ನದ ಹೊತ್ತಿಗೆ ಅಳ್ಳು ಕಣ್ಣು ಬಿಟ್ಟಿತು. ರಾತ್ರಿ ಬೀದರ್‌ನಲ್ಲೇ ನಾದಿನಿ ಮನೆಯಲ್ಲಿ ಉಳಿದೆವು. ಮರುದಿನ ತೋರಿಸಿದಾಗ ಮನೆಗೆ ಕಳಿಸಿದರು. ನಮಗೆ ಜಾಸ್ತಿ ಖರ್ಚಾಗಿದ್ದು ಕಾರಿಗೆ, ಆಸ್ಪತ್ರೆಗೆ ಅಲ್ಲ.

ಹೊರಡುವ ಮೊದಲು ಆ ವಿದ್ಯಾರ್ಥಿನಿ ನನ್ನನ್ನು ಕೂರಿಸಿಕೊಂಡು ಮನೆಯಲ್ಲಿ ಏನೇನು ಮಾಡಬೇಕು ಎಂದು ಅರ್ಧ ಗಂಟೆ ಕಲಿಸಿಕೊಟ್ಟಳು. ಆ ಅರ್ಧ ಗಂಟೆ ಇರದಿದ್ದರೆ ಆಪರೇಷನ್ ಸುಮ್ನೆ ಹೋಗುತ್ತಿತ್ತು. ಅವಳು ಹೇಳಿದ್ದು, ಆಮೇಲೆ ನಾನು ಮಾಡಿ ಕಲಿತಿದ್ದು, ಎರಡನ್ನೂ ಬರೆಯುತ್ತೇನೆ.

ತಿನ್ನಿಸುವುದು ಮೊದಲ ಕೆಲಸ. ಮೊದಲ ಮೂರು ದಿನ ಅಳ್ಳು ತಾನಾಗಿ ಸರಿಯಾಗಿ ತಿನ್ನಲಿಲ್ಲ. ಮೊಲಕ್ಕೆಂದು ಸಿಗುವ ಕಾಳಿನಂಥ ಮೇವನ್ನು (ಪೆಲೆಟ್) ಪುಡಿ ಮಾಡಿ, ಬಿಸಿನೀರಲ್ಲಿ ನೆನೆಸಿ, ಗಂಜಿಯ ಹದಕ್ಕೆ ತಂದು ಸೂಜಿ ಇಲ್ಲದ ಸಿರಿಂಜಿನಲ್ಲಿ ಕೊಟ್ಟೆ. ಮುಂದಿನ ಹಲ್ಲಿಗೂ ದವಡೆ ಹಲ್ಲಿಗೂ ನಡುವೆ ಒಂದು ಖಾಲಿ ಜಾಗ ಇರುತ್ತದೆ. ಪಕ್ಕದಿಂದ ಅಲ್ಲಿಗೆ ತೂರಿಸಿ ಚೂರು ಚೂರೇ ಬಿಡಬೇಕು. ಅಗಿದು ನುಂಗಿದ ಮೇಲೆ ಮತ್ತೆ ಚೂರು. ಮೊಲವನ್ನು ಮಲಗಿಸಿ ಕೊಟ್ಟರೆ ಶ್ವಾಸಕ್ಕೆ ಹೋಗುತ್ತದೆ. ನೆಲದ ಮೇಲೆ ಕೂತು, ಟವೆಲ್ ಸುತ್ತಿ, ಮಡಿಲಲ್ಲಿ ಇಟ್ಟುಕೊಂಡೇ ಕೊಡಬೇಕು. ರಾತ್ರಿ ಎರಡಕ್ಕೆ ಅತ್ತೆ ಎದ್ದು ಗಂಜಿ ಬಿಸಿ ಮಾಡಿಕೊಡುತ್ತಿದ್ದರು.

ಹಿಕ್ಕೆಯ ಲೆಕ್ಕ ಇಡಲು ಹೇಳಿದ್ದಳು. ನನ್ನ ಹತ್ತಿರ ಬ್ಲೌಸಿನ ಅಳತೆ ಬರೆಯುವ ಪುಸ್ತಕ ಇತ್ತು. ಅದರ ಹಿಂದಿನ ಪುಟಗಳಲ್ಲಿ ಬರೆಯತೊಡಗಿದೆ. ಮೊದಲ ದಿನ 9, ಅದೂ ಸಾಸಿವೆಗಿಂತ ಚೂರು ದೊಡ್ಡವು. ಎರಡನೇ ದಿನ 31. ಐದನೇ ದಿನ ಎಣಿಸುವುದೇ ಬೇಡವಾಯಿತು. ಆ ಪುಟ ಇನ್ನೂ ಹರಿದಿಲ್ಲ.

ನೋವಿನ ಸಿರಪ್ಪನ್ನು ಡಾಕ್ಟರ್ ಬರೆದಷ್ಟೇ, ಬರೆದ ಹೊತ್ತಿಗೇ ಕೊಟ್ಟೆವು. ಅದರ ರುಚಿ ಅಳ್ಳುವಿಗೆ ಹಿಡಿಸಲಿಲ್ಲ. ಬರುವಾಗ ಕಮಲಾಪುರದಲ್ಲಿ ಕೆಂಪು ಬಾಳೆಹಣ್ಣು ತಂದಿದ್ದೆವು. ಉಗುರಿನಷ್ಟು ಹಣ್ಣು ಸಿರಿಂಜಿನ ತುದಿಗೆ ಸವರಿದರೆ ತಾನೇ ಬಾಯಿ ಚಾಚುತ್ತಿತ್ತು. ಉಗುರಿನಷ್ಟೇ, ಜಾಸ್ತಿ ಬೇಡ. ಸಿಹಿ ಜಾಸ್ತಿಯಾದರೆ ಹೊಟ್ಟೆ ಕೆಡುತ್ತದೆ.

ಹೊಲಿಗೆ ಬಗ್ಗೆ ನನಗೆ ಹೇಳಲೇಬೇಕು, ನನ್ನ ಕಸುಬು ಅದೇ. ದಾರ ಹೊರಗೆ ಕಾಣದ ಹಾಗೆ ಚರ್ಮದ ಒಳಗಡೆಯೇ ಹೊಲಿದಿದ್ದರು. ಎಷ್ಟು ನವಿರಾಗಿತ್ತು ಅಂದರೆ ನಾನು ಕನ್ನಡಕ ಹಾಕಿಕೊಂಡು ನೋಡಿದೆ. ದಾರ ಕಂಡರೆ ಮೊಲ ಕಚ್ಚಿ ಬಿಡಿಸಿಬಿಡುತ್ತದೆ. ನಾಯಿಗೆ ಹಾಕುವ ಹಾಗೆ ಕುತ್ತಿಗೆಗೆ ಲಾಳಿಕೆ ಆಕಾರದ ಪಟ್ಟಿ ಹಾಕಿದರೆ ಮೊಲ ಹೆದರುತ್ತದೆ, ತಿನ್ನುವುದಿಲ್ಲ. ಅದಕ್ಕಿಂತ ಮುಖ್ಯ, ಮೊಲ ದಿನವೂ ಒಂದು ಬಗೆಯ ಮೆತ್ತನೆಯ ಹಿಕ್ಕೆಯನ್ನು ಬಾಯಿ ಹಾಕಿ ನೇರವಾಗಿ ತಿನ್ನಬೇಕು, ಅದರಲ್ಲಿ ಅದಕ್ಕೆ ಬೇಕಾದ ಸತ್ವ ಇರುತ್ತದೆ. ಪಟ್ಟಿ ಇದ್ದರೆ ಬಾಯಿ ಅಲ್ಲಿಗೆ ಮುಟ್ಟುವುದಿಲ್ಲ. ನಾನು ಮಗನ ಹಳೆ ಬನಿಯನ್ ಕತ್ತರಿಸಿ, ಗಾಯ ಮುಚ್ಚುವ, ಹಿಂದೆ ತೆರೆದಿರುವ ಒಂದು ಅಂಗಿ ಹೊಲಿದೆ. ಮೂರನೇ ಸಲಕ್ಕೆ ಅಳತೆ ಸರಿಹೋಯಿತು. ಮುಂದಿನ ಸಲ ತೋರಿಸಲು ಹೋದಾಗ ವಿದ್ಯಾರ್ಥಿಗಳು ಅದರ ಫೋಟೊ ತೆಗೆದುಕೊಂಡರು.

ನೆಲ ಬಹಳ ಕಾಡಿತು. ನಮ್ಮ ಮನೆಯಲ್ಲೆಲ್ಲಾ ಪಾಲಿಶ್ ಮಾಡಿದ ಶಹಾಬಾದ್ ಫರ್ಸಿ. ಮೂರು ಕಾಲಿನ ಮೊಲಕ್ಕೆ ಅದು ಎಣ್ಣೆ ಚೆಲ್ಲಿದ ಹಾಗೆ. ಒಂದೇ ಹಿಂಗಾಲು ಜಾರಿ ಪಕ್ಕಕ್ಕೆ ಬೀಳುತ್ತಿತ್ತು. ಮಷಿನ್ ಕೆಳಗಿಂದ ಬಾಗಿಲ ತನಕ ಕೌದಿ ಹಾಸಿದೆ. ಮೊಲದ ಪಾದಕ್ಕೆ ಬೆಕ್ಕು ನಾಯಿಗಳ ಹಾಗೆ ಮೆತ್ತೆ ಇರುವುದಿಲ್ಲ, ಕೂದಲು ಅಷ್ಟೇ. ಈಗ ಭಾರವೆಲ್ಲ ಒಂದೇ ಹಿಂಗಾಲಿಗೆ. ಕೌದಿ ಒದ್ದೆ ಇದ್ದರೆ, ನೆಲ ಗಟ್ಟಿ ಇದ್ದರೆ ಹಿಮ್ಮಡಿಯ ಕೂದಲು ಉದುರಿ ಹುಣ್ಣಾಗುತ್ತದೆ. ದಿನಕ್ಕೊಮ್ಮೆ ಪಾದ ನೋಡುತ್ತೇನೆ. ಕೆಂಪಾಗಿದ್ದು ಒಂದು ಸಲ, ಕೌದಿ ಇಮ್ಮಡಿ ಮಾಡಿದ ಮೇಲೆ ಸರಿಹೋಯಿತು. ತಂತಿ ತಳದ ಪಂಜರವನ್ನು ಮಗ ಅದೇ ವಾರ ಗುಜರಿಗೆ ಹಾಕಿದ.

ಅಷ್ಟರಲ್ಲಿ ಬೇಸಿಗೆ ಬಂತು. ಕಲಬುರಗಿಯ ಬೇಸಿಗೆ ಹೇಳಬೇಕೇ? ಬಿಸಿಲು 40 ದಾಟುತ್ತದೆ. ಮೊಲಕ್ಕೆ 30ರ ಹತ್ತಿರ ಬಂದರೇ ಕಷ್ಟ ಶುರು. ಹಾಗಾಗಿ ಕೌದಿ ಒಂದು ಕಡೆ, ಬರಿ ಫರ್ಸಿ ಒಂದು ಕಡೆ ಬಿಟ್ಟೆ. ಓಡಾಡಲು ಕೌದಿ, ಚಾಚಿಕೊಂಡು ಮಲಗಲು ತಣ್ಣನೆ ಕಲ್ಲು. ಕಿಟಕಿಗೆ ಒದ್ದೆ ಗೋಣಿತಟ್ಟು. ಬಾಟಲಿಯಲ್ಲಿ ನೀರು ಹೆಪ್ಪುಗಟ್ಟಿಸಿ, ಬಟ್ಟೆ ಸುತ್ತಿ ಪಕ್ಕದಲ್ಲಿ ಇಡುತ್ತಿದ್ದೆ. ಅದಕ್ಕೆ ಒರಗಿ ಮಲಗುತ್ತಿತ್ತು. ಸೆಕೆಗೆ ಹಿಂಭಾಗ ಒದ್ದೆಯಾಗಿದ್ದರೆ ನೊಣ ಮೊಟ್ಟೆ ಇಡುತ್ತದೆ, ಹುಳ ಬೀಳುತ್ತದೆ. ಬೆಳಗ್ಗೆ ಸಂಜೆ ಎತ್ತಿ ನೋಡಿ, ಒರೆಸಿ ಒಣಗಿಸುತ್ತಿದ್ದೆ. ಮೇವಿಗೆ ದಿನವೂ ಕರಿಕೆ, ತೊಳೆದು ನೆರಳಲ್ಲಿ ಆರಿಸಿದ್ದು.

ಮುಂದಿನ ಎರಡು ಸಲ ರೈಲಿನಲ್ಲಿ ಹೋದೆವು. 2017ರಲ್ಲಿ ಬೀದರ್ ಕಲಬುರಗಿ ರೈಲು ಶುರುವಾಗಿದ್ದು ನಮ್ಮಂಥವರಿಗೆ ಬಹಳ ಅನುಕೂಲ. ಮರಗುತ್ತಿ ಸುರಂಗ ಬಂದಾಗ ಮಾತ್ರ ಬುಟ್ಟಿಯ ಮೇಲೆ ಸೆರಗು ಹೊದಿಸಿ ಕೈ ಇಟ್ಟಿರುತ್ತಿದ್ದೆ. ನೀವು ಹೋಗುವುದಾದರೆ ಬೆಳಗ್ಗೆ ಬೇಗ ತಲುಪಿ. ಬುಟ್ಟಿಗೆ ಬಟ್ಟೆ ಮುಚ್ಚಿರಲಿ, ನಾಯಿಗಳು ಕಣ್ಣಿಗೆ ಬೀಳದ ಹಾಗೆ. ಅದು ತಿನ್ನುವ ಹುಲ್ಲು ಸೊಪ್ಪು ಜೊತೆಗೆ ಒಯ್ಯಿರಿ. ಕೊನೆಯ ಸಲ ಯಾವಾಗ ತಿಂದಿತ್ತು, ಹಿಕ್ಕೆ ಯಾವಾಗ ಹಾಕಿತ್ತು, ಏನು ಔಷಧಿ ಕೊಟ್ಟಿರಿ, ಬರೆದುಕೊಂಡು ಹೋಗಿ. ಎತ್ತುವಾಗ ಒಂದು ಕೈ ಎದೆಯ ಕೆಳಗೆ, ಇನ್ನೊಂದು ಕೈ ಹಿಂಭಾಗದ ಕೆಳಗೆ. ಕಿವಿ ಹಿಡಿದು ಮಾತ್ರ ಎತ್ತಬೇಡಿ.

ನಾನು ಐದಕ್ಕೆ ಐದು ಅಂಕ ಕೊಡುತ್ತೇನೆ. ಅಳ್ಳು ಬದುಕಿತು ಎಂಬ ಕಾರಣಕ್ಕೆ ಮಾತ್ರ ಅಲ್ಲ. ಎಮ್ಮೆಯ ಸರತಿಯಲ್ಲಿ ಕೂತ ಒಂದೂವರೆ ಕಿಲೋ ಜೀವವನ್ನು ಅವರು ಎಮ್ಮೆಯಷ್ಟೇ ಗಮನ ಕೊಟ್ಟು ನೋಡಿದರು.

ಒಂದು ವಿಷಯ ಕೊನೆಯ ಭೇಟಿಯಲ್ಲಿ ಗೊತ್ತಾಯಿತು. ಮೊಲ ಎಡಗಿವಿಯನ್ನು ಕೆರೆದುಕೊಂಡು ಸ್ವಚ್ಛ ಮಾಡುವುದು ಹಿಂದಿನ ಎಡಗಾಲಿನಿಂದ. ಆ ಕಾಲು ಈಗ ಇಲ್ಲ. ಹಾಗಾಗಿ ಆ ಕಿವಿಯಲ್ಲಿ ಕೊಳೆ ಕೂತಿತ್ತು. ಇನ್ನು ಮೇಲೆ ಅದು ನಿಮ್ಮ ಕೆಲಸ ರೀ ಎಂದು ಡಾಕ್ಟರ್ ಮಗಳಿಗೆ ಹೇಳಿದರು. ಅವಳು ಶಾಲೆಗೆ ಹೋದಾಗ ಅದು ನನ್ನ ಕೆಲಸ. ಅಳ್ಳು ಮಷಿನ್ ಕೆಳಗೆ ಬಂದು ತಲೆ ಓರೆ ಮಾಡಿ ನಿಲ್ಲುತ್ತದೆ. ನಾನು ಪೆಡಲ್ ನಿಲ್ಲಿಸಿ, ಬಗ್ಗಿ, ಎಡಗಿವಿಯ ಬುಡವನ್ನು ಬೆರಳಿಂದ ಕೆರೆಯುತ್ತೇನೆ. ಆಗ ಅದು ಕಣ್ಣು ಮುಚ್ಚುತ್ತದೆ, ಮತ್ತು ಆ ಚಿಕ್ಕ ಮೋಟು ತಾನೇ ಕೆರೆಯುತ್ತಿರುವ ಹಾಗೆ ಪಟಪಟ ಅಲುಗುತ್ತದೆ.