ಮೂವರು ಲಾಲಾಗಳು: ಯಾವುದನ್ನು ನೋಡೋದು, ಯಾವುದನ್ನು ಬಿಡೋದು?

ಚೀನಾದಲ್ಲಿ ಆಫೀಸಿಗೆ ಹೋಗುವ ಹೆಣ್ಣುಮಕ್ಕಳಿಗೆ ದು ಲಾಲಾ ಅನ್ನೋ ಹೆಸರು ಚೆನ್ನಾಗಿ ಗೊತ್ತು. ಲಿ ಕೆ ಅನ್ನುವ ಹೆಸರಲ್ಲಿ 2007ರಲ್ಲಿ ಬಂದ ಕಾದಂಬರಿಯ ನಾಯಕಿ ಅವಳು. ಬರೆದಾಕೆ ವಿದೇಶಿ ಕಂಪನಿಗಳಲ್ಲಿ ವರ್ಷಗಟ್ಟಲೆ ಕೆಲಸ ಮಾಡಿದವರು. ಲಾಲಾಗೆ ಹಿಂದೆ ಆಸ್ತಿ ಇಲ್ಲ, ಶಿಫಾರಸು ಮಾಡುವವರೂ ಇಲ್ಲ. ಓದಿದ್ದಾಳೆ, ತಲೆ ಓಡುತ್ತೆ, ಅಷ್ಟೇ. ಡಿಬಿ ಅನ್ನೋ ದೊಡ್ಡ ಅಮೆರಿಕನ್ ಕಂಪನಿಯಲ್ಲಿ ಕೆಳಗಿನ ಕೆಲಸಕ್ಕೆ ಸೇರುತ್ತಾಳೆ. ಎಚ್‌ಆರ್ ಮ್ಯಾನೇಜರ್ ಆಗುವವರೆಗೆ ಹತ್ತುತ್ತಾಳೆ. ನಡುವೆ ಸೇಲ್ಸ್ ಡೈರೆಕ್ಟರ್ ವಾಂಗ್ ವೇಯ್ ಜೊತೆ ಪ್ರೀತಿ. ಆದರೆ ಕಂಪನಿಯಲ್ಲಿ ಸಹೋದ್ಯೋಗಿಗಳು ಪ್ರೀತಿ ಮಾಡೋ ಹಾಗಿಲ್ಲ ಅನ್ನೋ ನಿಯಮ!

ಪುಸ್ತಕ ಸಿಕ್ಕಾಪಟ್ಟೆ ಮಾರಾಟವಾಯಿತು, ಮುಂದಿನ ಭಾಗಗಳೂ ಬಂದವು. 2009ರಲ್ಲಿ ಶಾಂಘೈನಲ್ಲಿ ನಾಟಕವಾಯಿತು, ಯಾವೊ ಚೆನ್ ಲಾಲಾ ಆದರು. 2010ರಲ್ಲಿ ಸಿನಿಮಾ ಮತ್ತು ಸೀರಿಯಲ್ ಎರಡೂ ಬಂದವು. 2015ರಲ್ಲಿ ಇನ್ನೊಂದು ಸಿನಿಮಾ. ನಾಟಕ ನಮ್ಮ ಕೈಗೆ ಎಟುಕುವಂಥದ್ದಲ್ಲ, ಬಿಡಿ. ಉಳಿದ ಮೂರನ್ನೂ ಸಬ್‌ಟೈಟಲ್ ಹಾಕಿಕೊಂಡು ಪೂರ್ತಿ ನೋಡಿದೆ.

ನನ್ನ ಅಳತೆಗೋಲು ಏನು ಅಂತ ಮೊದಲೇ ಹೇಳಿಬಿಡ್ತೀನಿ. ನಾನು ಬೆಂಗಳೂರಿನ ಒಂದು ಕಂಪನಿಯಲ್ಲಿ ಬಹಳ ವರ್ಷ ಅಡ್ಮಿನ್ ವಿಭಾಗದಲ್ಲಿದ್ದವಳು. ಆಫೀಸ್ ಲವ್ ಸ್ಟೋರಿ ಅಂತ ಹೆಸರಿಟ್ಟು, ಇಡೀ ಕಥೆಯಲ್ಲಿ ಒಬ್ಬರೂ ಕೆಲಸ ಮಾಡದೇ ಇದ್ದರೆ ನನಗೆ ಮೈ ಉರಿಯುತ್ತೆ. ಕಾಫಿ ಕಪ್ ಹಿಡಿದು ಗಾಜಿನ ಗೋಡೆ ಪಕ್ಕ ನಡೆದಾಡಿದರೆ ಅದು ಆಫೀಸ್ ಆಗಲ್ಲ. ಲಾಲಾಗೆ ಬಡ್ತಿ ಸಿಕ್ಕಿತು ಅಂದರೆ ಯಾಕೆ ಸಿಕ್ಕಿತು ಅಂತ ನನಗೆ ಕಾಣಬೇಕು.

2010ರ ಸಿನಿಮಾದಿಂದ ಶುರು ಮಾಡ್ತೀನಿ. ನಿರ್ದೇಶಕಿಯೂ ನಾಯಕಿಯೂ ಷು ಜಿಂಗ್ಲೇ. ಇವರ ಬಗ್ಗೆ ಒಂದು ಮಾತು: ಬ್ಲಾಗ್‌ಗಳ ಕಾಲದಲ್ಲಿ, 2006ರ ಹೊತ್ತಿಗೆ, ಇವರ ಚೀನೀ ಬ್ಲಾಗ್ ಲೋಕದಲ್ಲೇ ಅತಿ ಹೆಚ್ಚು ಓದುಗರಿರುವ ಬ್ಲಾಗ್‌ಗಳಲ್ಲಿ ಒಂದಾಗಿತ್ತು. ಜನರಿಗೆ ಏನು ಬೇಕು ಅಂತ ಗೊತ್ತಿರುವ ಹೆಂಗಸು. ಸಿನಿಮಾದಲ್ಲೂ ಅದು ಕಾಣುತ್ತೆ. ಕಥೆ ಬೀಜಿಂಗ್‌ನಲ್ಲಿ ನಡೆಯುತ್ತೆ. ಎತ್ತರದ ಕಟ್ಟಡ, ಹೊಳೆಯುವ ಲಿಫ್ಟು, ಡೇವಿಡ್, ರೋಸ್, ಹೆಲೆನ್ ಅಂತ ಇಂಗ್ಲಿಷ್ ಹೆಸರಿಟ್ಟುಕೊಂಡ ಚೀನೀಯರು. ವಿದೇಶಿ ಕಂಪನಿಗಳಲ್ಲಿ ಆಗ ಹೀಗೆ ಹೆಸರಿಟ್ಟುಕೊಳ್ಳೋದು ಮಾಮೂಲಿ.

ಬಟ್ಟೆ ನೋಡಿದರೇ ಖರ್ಚು ಗೊತ್ತಾಗುತ್ತೆ. ನ್ಯೂಯಾರ್ಕಿನ ಪೆಟ್ರಿಶಿಯಾ ಫೀಲ್ಡ್ ಅವರನ್ನೇ ಕರೆಸಿದ್ದಾರೆ, ‘ದಿ ಡೆವಿಲ್ ವೇರ್ಸ್ ಪ್ರಾಡಾ’ಗೆ ಉಡುಪು ಮಾಡಿದವರು. ಲಾಲಾ ಮೇಲೆ ಹತ್ತಿದ ಹಾಗೆ ಅವಳ ಬಟ್ಟೆಯೂ ಹತ್ತುತ್ತೆ. ಜೊತೆಗೆ ಅವಳ ಹುದ್ದೆ ಏನು, ಸಂಬಳ ಎಷ್ಟು ಅಂತ ತೆರೆಯ ಮೇಲೇ ಬರೆದು ತೋರಿಸುತ್ತಾರೆ. ನನಗಂತೂ ಇದು ತುಂಬ ಹಿಡಿಸಿತು. ನಮ್ಮ ಸಿನಿಮಾಗಳಲ್ಲಿ ನಾಯಕಿ ಏನು ಕೆಲಸ ಮಾಡ್ತಾಳೆ ಅನ್ನೋದೇ ಎಷ್ಟೋ ಸಲ ಗೊತ್ತಾಗಲ್ಲ, ಸಂಬಳದ ಮಾತಂತೂ ದೂರ ಬಿಡಿ.

ಇನ್ನೊಂದು ಮಜಾ ಅಂದರೆ ಡಿಬಿಯ ಒಳಗಿನ ಜಾತಿಪದ್ಧತಿ. ಮ್ಯಾನೇಜರ್‌ಗಿಂತ ಕೆಳಗಿರುವವರೆಲ್ಲ ಸ್ಟೈಲಾಗಿ ಇರುತ್ತಾರೆ, ಅಸಲಿಗೆ ಬಡವರು. ಮ್ಯಾನೇಜರ್‌ಗಳು ಮಧ್ಯಮ ವರ್ಗ. ಡೈರೆಕ್ಟರ್‌ಗಳು ಅದಕ್ಕೂ ಒಂದು ಮೆಟ್ಟಿಲು ಮೇಲೆ. ವೈಸ್ ಪ್ರೆಸಿಡೆಂಟ್, ಪ್ರೆಸಿಡೆಂಟ್ ಆದರೆ ಶ್ರೀಮಂತರು. ಕಾದಂಬರಿಯಲ್ಲೇ ಇರುವ ಲೆಕ್ಕ ಇದು. ಯಾವ ಮಹಡಿಯಲ್ಲಿ ಯಾರು ಯಾರಿಗೆ ಮೊದಲು ನಮಸ್ಕಾರ ಹೇಳಬೇಕು ಅನ್ನೋದೂ ಇದರಿಂದಲೇ ತೀರ್ಮಾನ ಆಗುತ್ತೆ. ದೊಡ್ಡ ಆಫೀಸಲ್ಲಿ ಇದ್ದವರಿಗೆ ಹೊಸದೇನಲ್ಲ, ಅಲ್ವಾ?

ಹಾಗಾದರೆ ತೊಂದರೆ ಎಲ್ಲಿ? ಸಿನಿಮಾ ಓಡುತ್ತೆ. ಎರಡು ಗಂಟೆಯೊಳಗೆ ವರ್ಷಗಳ ಕಥೆ ಮುಗಿಸಬೇಕು. ಥಾಯ್ಲೆಂಡ್ ಪ್ರವಾಸ ಬರುತ್ತೆ, ಪ್ರೀತಿ ಹುಟ್ಟುತ್ತೆ, ಮುಚ್ಚಿಡೋದು ಶುರು. ವಾಂಗ್ ವೇಯ್ ಆಗಿ ಸ್ಟ್ಯಾನ್ಲಿ ಹುವಾಂಗ್ ನೋಡೋಕೆ ಚಂದ, ಮುಖದಲ್ಲಿ ಭಾವನೆ ಸ್ವಲ್ಪ ಕಮ್ಮಿ. ಅವನ ಹಳೆಯ ಗೆಳತಿ ರೋಸ್ ಆಗಿ ಕ್ಯಾರೆನ್ ಮೋಕ್ ಬಂದಾಗಲೆಲ್ಲ ದೃಶ್ಯ ಅವರದ್ದೇ. ಷು ಜಿಂಗ್ಲೇಗೆ ಆಗ 35 ದಾಟಿತ್ತು. ಹೊಸದಾಗಿ ಕೆಲಸಕ್ಕೆ ಸೇರಿದ ಹುಡುಗಿಯ ಗಾಬರಿ ಅವರ ಮುಖದಲ್ಲಿ ನಿಲ್ಲೋದಿಲ್ಲ. ಮೊದಲ ದಿನವೇ ‘ನಾನು ಇಲ್ಲಿ ಗೆದ್ದೇ ಗೆಲ್ತೀನಿ’ ಅನ್ನೋ ಕಳೆ ಇದೆ. ಜಾಹೀರಾತುಗಳ ಬಗ್ಗೆ ಹೇಳಲೇಬೇಕು: ಲಿಪ್ಟನ್ ಚಹಾ, ಲೆನೊವೊ ಕಂಪ್ಯೂಟರ್, ಕಣ್ಣಿಗೆ ಚುಚ್ಚುವ ಹಾಗೆ ಬರುತ್ತವೆ. ಏನೇ ಇರಲಿ, ದುಡ್ಡು ಮಾಡಿತು. ಚೀನಾದಲ್ಲಿ 10 ಕೋಟಿ ಯುವಾನ್ ದಾಟಿತು.

ಈಗ ಸೀರಿಯಲ್. 32 ಕಂತು. ಶುರು ಮಾಡುವಾಗ ‘ಅಯ್ಯೋ ಇಷ್ಟೊಂದಾ’ ಅನ್ನಿಸುತ್ತೆ. ಲಾಲಾ ಆಗಿ ವಾಂಗ್ ಲುವೊದಾನ್, ಆಗಿನ್ನೂ 26ರ ಆಸುಪಾಸು. ದೊಡ್ಡ ಕಣ್ಣು, ಸಣ್ಣ ದೇಹ, ಬೇಗ ಬೇಗ ಮಾತು. ವಾಂಗ್ ವೇಯ್ ಆಗಿ ಲಿ ಗ್ವಾಂಗ್‌ಜಿಯೆ. ಇಲ್ಲಿ ಪೆಟ್ರಿಶಿಯಾ ಫೀಲ್ಡ್ ಇಲ್ಲ. ಲಾಲಾ ಹಾಕೋದು ನಮ್ಮ ನಿಮ್ಮಂಥವರು ಸೇಲ್‌ನಲ್ಲಿ ತೆಗೆದುಕೊಂಡ ಬಟ್ಟೆ ಥರಾನೇ ಇದೆ. ನನಗೆ ಅದೇ ಸರಿ ಅನ್ನಿಸಿತು.

ಲಾಲಾ ಕಥೆಯ ಜೀವ ಇರೋದು ಪ್ರೀತಿಯಲ್ಲಲ್ಲ, ಆಫೀಸ್ ರಿನೋವೇಷನ್‌ನಲ್ಲಿ. ಕಾದಂಬರಿಯಿಂದ ಬಂದ ಪ್ರಸಂಗ ಅದು. ಇಡೀ ಆಫೀಸನ್ನು ಹೊಸದಾಗಿ ಮಾಡಬೇಕು. ಕೆಲಸ ನಿಲ್ಲೋ ಹಾಗಿಲ್ಲ, ಬಜೆಟ್ ಬಿಗಿ. ಅಡ್ಮಿನ್ ಮ್ಯಾನೇಜರ್ ರೋಸ್‌ಗೆ ಇದರಲ್ಲಿ ಹೆಸರು ಬರಲ್ಲ, ಬೈಗುಳ ಮಾತ್ರ ಬರುತ್ತೆ ಅಂತ ಗೊತ್ತು. ಸರಿಯಾಗಿ ಆ ಹೊತ್ತಿಗೇ ಆರೋಗ್ಯದ ನೆಪ ಹೇಳಿ ರಜೆ ಹಾಕುತ್ತಾಳೆ. ಕೆಲಸ ಲಾಲಾ ತಲೆಗೆ ಬೀಳುತ್ತೆ.

ಇದನ್ನು ಮಾಡಿದವರಿಗೇ ಗೊತ್ತು. ಆಫೀಸ್ ರಿನೋವೇಷನ್ ಅಂದರೆ ಬರೀ ಬಣ್ಣ, ಕಾರ್ಪೆಟ್ ಅಲ್ಲ. ಯಾರ ಸೀಟು ಕಿಟಕಿ ಪಕ್ಕ, ಯಾರದ್ದು ಟಾಯ್ಲೆಟ್ ಪಕ್ಕ ಅನ್ನೋ ಯುದ್ಧ. ನಾನಿದ್ದ ಕಡೆ ಒಬ್ಬರ ಕ್ಯಾಬಿನ್ ಒಂದು ಅಡಿ ಚಿಕ್ಕದಾಯಿತು ಅಂತ ಒಂದು ವಾರ ಈಮೇಲ್ ಜಗಳ ನಡೆದಿತ್ತು, ಮೂರು ಜನ ಬಾಸ್‌ಗಳನ್ನು ಸಿಸಿಯಲ್ಲಿ ಹಾಕಿಕೊಂಡು. ಕಾಂಟ್ರಾಕ್ಟರ್ ಸೋಮವಾರ ಅಂತಾನೆ, ಗುರುವಾರ ಬರ್ತಾನೆ. ಎಲ್ಲ ಮುಗಿದ ಮೇಲೆ ‘ಎಸಿ ಜಾಸ್ತಿ ತಣ್ಣಗಿದೆ’ ಅಂತ ಮೊದಲ ದೂರು ಬರುತ್ತೆ. ಥ್ಯಾಂಕ್ಸ್ ಅಂತ ಯಾರೂ ಹೇಳಲ್ಲ.

ಸಿನಿಮಾದಲ್ಲಿ ಇದಕ್ಕೆ ಉಸಿರಾಡೋಕೆ ಜಾಗ ಇಲ್ಲ. ಸೀರಿಯಲ್‌ನಲ್ಲಿ ಜಾಗ ಇದೆ, ಲಾಲಾ ಸುಸ್ತಾಗೋದೂ ಕಾಣುತ್ತೆ. ಕೆಲಸ ಚೆನ್ನಾಗಿ ಮುಗಿದರೂ ಅವಳ ಬಾಸ್‌ಗೆ ಅದರ ಕಷ್ಟ ಎಷ್ಟು ಅಂತ ತಿಳಿಯೋದೇ ಇಲ್ಲ. ರಿಟೈರ್ ಆಗೋಕೆ ಹತ್ತಿರ ಇರುವ ಎಚ್‌ಆರ್ ಡೈರೆಕ್ಟರ್ ಅವನು, ತಲೆನೋವು ಬೇಡ ಅನ್ನುವ ಮನುಷ್ಯ. ಯಾಕೆ ತಿಳಿಯಲಿಲ್ಲ? ಲಾಲಾ ಎಲ್ಲ ಸಮಸ್ಯೆಗಳನ್ನೂ ಅವನವರೆಗೆ ಹೋಗದ ಹಾಗೆ ತಾನೇ ಬಗೆಹರಿಸಿದ್ದಳು! ಬಾಸ್‌ಗೆ ಸದ್ದೇ ಕೇಳಿಸಲಿಲ್ಲ ಅಂದರೆ, ಕೆಲಸವೇ ಇರಲಿಲ್ಲ ಅಂತ ಅವನ ಲೆಕ್ಕ.

ಆಮೇಲೆ ಲಾಲಾ ಜಾಣಳಾಗುತ್ತಾಳೆ. ಕಾದಂಬರಿಯನ್ನು ಚೀನಾದ ಯುವ ನೌಕರರು ಗೈಡ್ ಥರ ಓದಿದ್ದು ಇಂಥ ಭಾಗಗಳಿಗೇ. ದೊಡ್ಡ ಸಮಸ್ಯೆ ಬಂದಾಗ ಬಾಸ್ ಹತ್ತಿರ ಹೋಗುತ್ತಾಳೆ, ಆದರೆ ಬರಿಗೈಯಲ್ಲಿ ಅಲ್ಲ. ಎರಡು ಮೂರು ಪರಿಹಾರ ಯೋಚಿಸಿಕೊಂಡು ಹೋಗುತ್ತಾಳೆ. ಇದರಲ್ಲಿ ಇಷ್ಟು ಲಾಭ, ಅದರಲ್ಲಿ ಇಷ್ಟು ನಷ್ಟ, ನೀವೇ ಹೇಳಿ ಸಾರ್ ಅನ್ನೋ ಧಾಟಿ. ಬಾಸ್ ತಲೆ ಕೆರೆದುಕೊಳ್ಳುತ್ತಾನೆ. ಆಗ ಅವನಿಗೆ ಕಷ್ಟ ಅರ್ಥ ಆಗುತ್ತೆ, ಅವಳ ಬೆಲೆಯೂ ಗೊತ್ತಾಗುತ್ತೆ. ಇದನ್ನು ನನಗೆ ಯಾರಾದರೂ ಕೆಲಸಕ್ಕೆ ಸೇರಿದ ವರ್ಷವೇ ಹೇಳಿಕೊಟ್ಟಿದ್ದರೆ ಎಷ್ಟು ಚೆನ್ನಾಗಿತ್ತು.

ಸೀರಿಯಲ್‌ಗೂ ಕೊರತೆ ಇದೆ. ನಡುವೆ ಏಳೆಂಟು ಕಂತು ಎಳೆಯುತ್ತಾರೆ. ಪ್ರೀತಿ ಮಾಡಿದವರು ತಪ್ಪು ತಿಳಿದುಕೊಂಡು, ಫೋನ್ ಎತ್ತದೆ, ಮಳೆಯಲ್ಲಿ ನಿಂತು... ಇದೆಲ್ಲ ನಮ್ಮ ಸಂಜೆ ಸೀರಿಯಲ್‌ಗಳಲ್ಲಿ ಸಾಕಷ್ಟಿದೆ, ಅದಕ್ಕೆ ಚೀನಾದವರೆಗೆ ಹೋಗಬೇಕಾಗಿಲ್ಲ. ಅಲ್ಲಿ ಒಂದೂವರೆ ಪಟ್ಟು ವೇಗದಲ್ಲಿ ಓಡಿಸಿದೆ. ಆದರೆ ಲಿ ಗ್ವಾಂಗ್‌ಜಿಯೆ ಮತ್ತು ವಾಂಗ್ ಲುವೊದಾನ್ ಒಟ್ಟಿಗೆ ಇರುವಾಗ ಒಂದು ಸಲುಗೆ ಇದೆ. ಜಗಳ ಆಡುವಾಗಲೂ ಇದೆ. ಸಿನಿಮಾದ ಜೋಡಿಯಲ್ಲಿ ನನಗೆ ಅದು ಕಾಣಲಿಲ್ಲ.

ಮೂರನೆಯದು 2015ರ ಸಿನಿಮಾ. ತೈವಾನ್‌ನ ಏರಿಯಲ್ ಲಿನ್ ಲಾಲಾ, ವಿಕ್ ಚೌ ವಾಂಗ್ ವೇಯ್. ಇಬ್ಬರೂ ತೈವಾನ್ ಧಾರಾವಾಹಿಗಳಿಂದ ಏಷ್ಯಾದ ತುಂಬ ಹೆಸರು ಮಾಡಿದವರು. ಇಲ್ಲಿ ಬಡ್ತಿಯ ವಿಷಯ ಹಿಂದಕ್ಕೆ ಹೋಗಿದೆ. ಲಾಲಾಗೆ ಮದುವೆ ಆಗಬೇಕು, ವಾಂಗ್ ವೇಯ್‌ಗೆ ಮದುವೆ ಅಂದರೆ ಭಯ. ವಿಷಯವೇನೋ ಗಟ್ಟಿಯಾದದ್ದೇ. ಚೀನಾದಲ್ಲಿ 27 ದಾಟಿ ಮದುವೆಯಾಗದ ಓದಿದ ಹೆಣ್ಣುಮಕ್ಕಳಿಗೆ ‘ಉಳಿದುಹೋದವರು’ ಅನ್ನೋ ಹಣೆಪಟ್ಟಿ ಅಂಟಿಸಿದ್ದು, ಅದು 2007ರಲ್ಲಿ ಶಿಕ್ಷಣ ಸಚಿವಾಲಯದ ಹೊಸ ಪದಗಳ ಪಟ್ಟಿಗೂ ಸೇರಿದ್ದು ನಿಜ. ಮನೆಯವರ ಒತ್ತಡ, ನೆಂಟರ ಪ್ರಶ್ನೆ, ಇವೆಲ್ಲ ನಮಗೂ ಗೊತ್ತಿರುವ ಕಾಟವೇ. ಅದನ್ನು ಇಟ್ಟುಕೊಂಡು ಎಷ್ಟು ಚೆನ್ನಾಗಿ ಮಾಡಬಹುದಿತ್ತು! ಆದರೆ ಸಿನಿಮಾ ಬರೀ ಚಂದದ ಜಾಗ, ಚಂದದ ಮುಖ ತೋರಿಸಿ ಮುಗಿಸುತ್ತೆ. ಅರ್ಧ ನೋಡಿದ ಮೇಲೆ ಪಕ್ಕದಲ್ಲಿ ಕೂತಿದ್ದ ನನ್ನ ತಂಗಿ ಕೇಳಿದಳು, ‘ಅಕ್ಕಾ, ಇವಳಿಗೆ ಇಷ್ಟೊಂದು ರಜೆ ಯಾರು ಕೊಡ್ತಾರೆ?’ ಅದಕ್ಕಿಂತ ಒಳ್ಳೆಯ ವಿಮರ್ಶೆ ನನ್ನಿಂದ ಸಾಧ್ಯ ಇಲ್ಲ.

ಒಂದೇ ಸಂಜೆ ಬಿಡುವಿದ್ದರೆ ಷು ಜಿಂಗ್ಲೇ ಸಿನಿಮಾ ನೋಡಿ. ಬಟ್ಟೆಗೆ, ಕ್ಯಾರೆನ್ ಮೋಕ್‌ಗೆ, ತೆರೆಯ ಮೇಲೆ ಏರುವ ಸಂಬಳಕ್ಕೆ. ಹೊಸದಾಗಿ ಕೆಲಸಕ್ಕೆ ಸೇರಿದವರು ಮನೆಯಲ್ಲಿದ್ದರೆ ಅವರ ಜೊತೆ ಕೂತು ಸೀರಿಯಲ್ ನೋಡಿ. ದಿನಕ್ಕೆ ಎರಡು ಕಂತು ಸಾಕು, ರಿನೋವೇಷನ್ ಭಾಗ ಮಾತ್ರ ಬಿಡಬೇಡಿ. 2015ರದ್ದು ವಿಕ್ ಚೌ ಅಭಿಮಾನಿಗಳಿಗೆ. ಅವರು ನಾನು ಬೇಡ ಅಂದರೂ ನೋಡ್ತಾರೆ.