ಹಳೇ ಕೋವಿಯ ಮೆರುಗು ಕಾರ್ಖಾನೆಯದ್ದೋ, ಆಮೇಲೆ ಹಾಕಿಸಿದ್ದೋ: ಮಾಡಿ ನೋಡಿದ ಪರೀಕ್ಷೆಗಳ ಹೋಲಿಕೆ

ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆಯ ತೋಟದ ಮನೆಗಳಲ್ಲಿ ಅಜ್ಜನ ಕಾಲದ ಜೋಡಿ ನಳಿಗೆ ಕೋವಿಗಳು ಇನ್ನೂ ಇವೆ. ಹಂದಿ ಕಾಟಕ್ಕೆ ಅಂತ ಬೆಳೆ ರಕ್ಷಣೆ ಲೈಸೆನ್ಸ್ ಮಾಡಿಸಿ ಇಟ್ಟುಕೊಂಡವು. ನಾನು ನೋಡಿದವುಗಳಲ್ಲಿ ಜಾಸ್ತಿ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್‌ನವು, ಇಲ್ಲವೇ ಬೆಲ್ಜಿಯಂನ ಲಿಯೇಜ್‌ನವು. ಕೆಲವಕ್ಕೆ ಮಾಮೂಲಿಯಲ್ಲದ ಮೆರುಗು ಇರುತ್ತದೆ. ಒಂದು ಪೂರ್ತಿ ಬೆಳ್ಳಗೆ, ಇನ್ನೊಂದು ಬೂದು ಬೆಳ್ಳಿ, ಮತ್ತೊಂದು ಥಳಥಳ ಕಪ್ಪು. ಕೇಳಿದರೆ "ಕಂಪನಿಯಿಂದಲೇ ಹೀಗೆ ಬಂದಿದ್ದು" ಎನ್ನುತ್ತಾರೆ. ಅದನ್ನು ತಿಳಿಯಲು ಯಾವ ಪರೀಕ್ಷೆ ನಂಬಬಹುದು ಅಂತ ಒಂದೊಂದನ್ನೇ ಮಾಡಿ ಹೋಲಿಸಿದ್ದೇನೆ. ಲೈಸೆನ್ಸ್ ಇರುವವರ ಎದುರಲ್ಲೇ, ನಳಿಗೆ ಮಡಚಿ ತೋಟಾ ಇಲ್ಲ ಎಂದು ಖಾತ್ರಿ ಮಾಡಿಕೊಂಡು.

ಮೊದಲನೆಯದು ಬರೀ ಕಣ್ಣು. ಅಂಗಳದ ಬಿಸಿಲಿಗೆ ಹಿಡಿದರೆ ನಿಕಲ್, ಕ್ರೋಮ್ ಎರಡೂ ಬೇರೆ ಬೇರೆ ಅಂತ ಗೊತ್ತಾಗುತ್ತದೆ. ನಿಕಲ್‌ನ ಬಿಳಿಯಲ್ಲಿ ಸ್ವಲ್ಪ ಹಳದಿ ಛಾಯೆ, ಕ್ರೋಮ್‌ನಲ್ಲಿ ನೀಲಿ. ಕ್ರೋಮ್ ಲೇಪನ ಮಾರುಕಟ್ಟೆಗೆ ಬಂದದ್ದೇ 1920ರ ದಶಕದಲ್ಲಿ. 1900ರ ಕೋವಿ ಮೇಲೆ ಅದಿದ್ದರೆ ಮಾತು ಅಲ್ಲಿಗೇ ಮುಗಿಯಿತು. ಥಳಥಳ ಕಪ್ಪೂ ಹಾಗೆಯೇ. ಹಿಂದೆ ನಳಿಗೆಗೆ ನಿಧಾನವಾಗಿ ತುಕ್ಕು ಬರಿಸಿ, ನೀರಲ್ಲಿ ಕುದಿಸಿ, ಉಜ್ಜಿ, ಮೃದುವಾದ ಕಪ್ಪು ತರುತ್ತಿದ್ದರು. ಬಿಸಿ ಕ್ಷಾರದಲ್ಲಿ ಅದ್ದಿ ತೆಗೆಯುವ ಪದ್ಧತಿ ಹರಡಿದ್ದು 1930ರ ದಶಕದಿಂದ ಈಚೆಗೆ. ಜೋಡಿ ನಳಿಗೆಗೆ ಅದು ಒಳ್ಳೆಯದೂ ಅಲ್ಲ, ನಡುವಿನ ಬೆಸುಗೆಯನ್ನು ಕ್ಷಾರ ತಿಂದುಬಿಡುತ್ತದೆ. ಇಷ್ಟರ ಮಟ್ಟಿಗೆ ಕಣ್ಣು ಸಾಕು. ಬೂದು, ಕಂದು ಬಣ್ಣ ಬಂದಾಗ ಮೋಸ ಹೋಗುತ್ತದೆ.

ಕಂದಿಗೆ ಸೀಮೆಎಣ್ಣೆ ಬಟ್ಟೆ ಒಳ್ಳೆಯದು. ಕಬ್ಬಿಣ, ಉಕ್ಕಿನ ಪಟ್ಟಿಗಳನ್ನು ಹೊಸೆದು ಬೆಸೆದು ಮಾಡಿದ ಡಮಾಸ್ಕಸ್ ನಳಿಗೆಗೆ ಕಾರ್ಖಾನೆಯಲ್ಲೇ ಕಂದು ಬಣ್ಣ ಬರಿಸುತ್ತಿದ್ದರು. ನಮ್ಮ ಕಡೆ ಮಳೆಗಾಲದ ತುಕ್ಕಿಗೆ ಹೆದರಿ ಕೋವಿಯನ್ನು ಒಲೆಯ ಮೇಲಿನ ಗೋಡೆಗೆ ತೂಗುಹಾಕುತ್ತಾರೆ, ಆಗಾಗ ಕೊಬ್ಬರಿ ಎಣ್ಣೆ ಹಚ್ಚುತ್ತಾರೆ. ಹೊಗೆ, ಎಣ್ಣೆ ಸೇರಿ ಕೂತ ಜಿಡ್ಡೂ ಕಂದೇ. ಉಜ್ಜಿದರೆ ಜಿಡ್ಡು ಬಟ್ಟೆಗೆ ಬರುತ್ತದೆ, ಕಾರ್ಖಾನೆ ಕಂದು ಬರುವುದಿಲ್ಲ. ಆದರೆ ಈ ಪರೀಕ್ಷೆ ಅಲ್ಲಿಗೇ ನಿಲ್ಲುತ್ತದೆ. ನಿಕಲ್ ಬಗ್ಗೆ ಏನೂ ಹೇಳುವುದಿಲ್ಲ.

ನನಗೆ ಎಲ್ಲಕ್ಕಿಂತ ನಂಬಿಕೆ ಬಂದಿದ್ದು ಫೋರೆಂಡ್ ಬಿಚ್ಚಿ ನೋಡುವುದರಲ್ಲಿ. ಅದು ನಳಿಗೆ ಕೆಳಗಿನ ಮುಂದಿನ ಮರ. ಅದರ ಮರೆಯ ಲೋಹಕ್ಕೆ ಬಿಸಿಲಿಲ್ಲ, ಅಂಗೈ ಬೆವರಿಲ್ಲ, ಆಯುಧ ಪೂಜೆಯ ಕುಂಕುಮವೂ ಇಲ್ಲ. ಬೂದು ಬೆಳ್ಳಿಯ ಗುಟ್ಟು ಇಲ್ಲೇ ಬಯಲಾಗುತ್ತದೆ. ಕೋವಿಯ ಆಕ್ಷನ್ ಭಾಗವನ್ನು, ಅಂದರೆ ನಳಿಗೆ ಹಿಂದೆ ಗುಂಡು ಸಿಡಿಸುವ ಯಂತ್ರ ಕೂರುವ ಲೋಹವನ್ನು, ಎಲುಬಿನ ಇದ್ದಿಲ ಜೊತೆ ಪೆಟ್ಟಿಗೆಯಲ್ಲಿ ಕಾಯಿಸಿ ನೀರಿಗೆ ಸುರಿದು ಗಟ್ಟಿ ಮಾಡುತ್ತಿದ್ದರು. ಆಗ ನೀಲಿ, ಕಂದು, ಒಣಹುಲ್ಲಿನ ಬಣ್ಣ ಮೋಡ ಮೋಡವಾಗಿ ಮೂಡುತ್ತದೆ. ಅದು ತೀರಾ ತೆಳು ಪದರ. ಹಿತ್ತಾಳೆ ಚೊಂಬು ಬೆಳಗುವ ಹುಣಸೆಹಣ್ಣನ್ನೋ ವಾಟೆಹುಳಿಯನ್ನೋ ಇದಕ್ಕೂ ಹಾಕಿ ಉಜ್ಜಿದರೆ ಬಣ್ಣ ಎದ್ದು ಹೋಗಿ ಬೂದು ಉಳಿಯುತ್ತದೆ. ಹೊಸನಗರದ ಕಡೆಯ ಒಂದು ಮನೆಯ ಕೋವಿ ಹೊರಗೆಲ್ಲ ಒಂದೇ ಸಮ ಬೂದು. ಮರ ತೆಗೆದರೆ ಬೆರಳಗಲ ಜಾಗದಲ್ಲಿ ನೀಲಿ ಮೋಡ ಹಾಗೇ ಇತ್ತು. ಬೆಳ್ಳಿ ಮೆರುಗು ಅನ್ನುವುದೇ ಅದಕ್ಕೆ ಯಾವತ್ತೂ ಇರಲಿಲ್ಲ. ಕಾರ್ಖಾನೆಯೇ ಬೂದು ಬಿಟ್ಟಿದ್ದರೆ ಒಳಗೂ ಬೂದೇ ಇರಬೇಕು ಅಲ್ವಾ?

ನಿಕಲ್‌ಗೆ ಮಾತ್ರ ಭೂತಗನ್ನಡಿಯೇ ಬೇಕು, ಏಕೆಂದರೆ ಲೇಪನದವರು ಒಳಭಾಗವನ್ನೂ ಅದ್ದಿಬಿಟ್ಟಿರುತ್ತಾರೆ. ಮೊದಲು ಮುದ್ರೆ ನೋಡುತ್ತೇನೆ, ಅಂದರೆ ನಳಿಗೆಯ ಬಲ ಪರೀಕ್ಷಿಸಿ ಹೊಡೆದ ಗುರುತು. ಲಿಯೇಜ್ ಕೋವಿಯಲ್ಲಿ ಮೊಟ್ಟೆಯಾಕಾರದೊಳಗೆ ಇ, ಎಲ್, ಜಿ ಅಕ್ಷರಗಳು, 1893ರಿಂದ ಮೇಲೊಂದು ಕಿರೀಟ. ಲೇಪನಕ್ಕೆ ಮುಂಚೆ ಯಾರಾದರೂ ಬಫ್ ಹೊಡೆದಿದ್ದರೆ (ತಿರುಗುವ ಚಕ್ರಕ್ಕೆ ಹಿಡಿದು ಉಜ್ಜಿದ್ದರೆ) ಕಿರೀಟದ ಮೊನೆಗಳು ತೇದ ಗಂಧದ ಕೊರಡಿನ ಅಂಚಿನ ಹಾಗೆ ದುಂಡಗಾಗಿರುತ್ತವೆ. ಸ್ಕ್ರೂ ಸುತ್ತ ಲೋಹ ಸಣ್ಣ ತಟ್ಟೆಯಾಗಿ ತಗ್ಗಿರುತ್ತದೆ. ಇನ್ನೊಂದು ಗುರುತು ಇವೆರಡಕ್ಕಿಂತ ಗಟ್ಟಿ: ನಿಕಲ್ ಕೆಳಗೆ ತುಕ್ಕಿನ ಗುಳಿ. ಗುಳಿಯ ತಳದಲ್ಲೂ ಲೇಪನ ಹೊಳೆಯುತ್ತಿದ್ದರೆ, ತುಕ್ಕು ಮೊದಲು, ನಿಕಲ್ ಆಮೇಲೆ. ಯಾವ ಕಾರ್ಖಾನೆಯೂ ತುಕ್ಕು ತಿಂದ ಕೋವಿಗೆ ಮೆರುಗು ಹಾಕಿ ಮಾರುವುದಿಲ್ಲ. ಆಗುಂಬೆ ಸುತ್ತಿನ ಮಳೆಯಲ್ಲಿ ಇದ್ದ ಕೋವಿಗೆ ಗುಳಿ ಬೀಳದೇ ಇರುವುದೇ ಅಪರೂಪ, ಹಾಗಾಗಿ ಈ ಗುರುತು ನಮ್ಮಲ್ಲಿ ಚೆನ್ನಾಗಿ ಕೆಲಸಕ್ಕೆ ಬರುತ್ತದೆ.

ಹಳೇ ಬರ್ಮಿಂಗ್‌ಹ್ಯಾಮ್ ಕೋವಿಯಲ್ಲಿ ಕಿರೀಟದ ಕೆಳಗೆ ಬಿ, ಎನ್, ಪಿ ಮುದ್ರೆಯಿದ್ದರೆ ಅದು 1954ರ ನಂತರ ಮತ್ತೆ ಬಲ ಪರೀಕ್ಷೆಗೆ ಹೋಗಿತ್ತು ಎಂದರ್ಥ. ಹಳೇ ಡಮಾಸ್ಕಸ್ ಮೇಲೆ ಇದು ಕಂಡರೆ ಮೆರುಗನ್ನೂ ಅದೇ ಹೊತ್ತಿಗೆ ಮಾಡಿಸಿರಬಹುದು ಅಂತ ಅನುಮಾನಪಡಬೇಕು.

ಮನೆಯವರ ಮಾತನ್ನು ನಾನು ಕೊನೆಯಲ್ಲಿ ಇಡುತ್ತೇನೆ. ಅವರು ಸುಳ್ಳು ಹೇಳುವವರಲ್ಲ. ಮೆರುಗು ಹಾಕಿಸಿದವರು ಅಜ್ಜ ಆಗಿದ್ದರೆ ಮೊಮ್ಮಗನಿಗೆ ಅದು ಹುಟ್ಟಿದಾಗಿನಿಂದ ನೋಡಿದ ಬಣ್ಣವೇ.

ಎರಡನ್ನೇ ಮಾಡಲು ಸಮಯವಿದ್ದರೆ ಫೋರೆಂಡ್ ಬಿಚ್ಚಿ, ಆಮೇಲೆ ಭೂತಗನ್ನಡಿ ಹಿಡಿಯಿರಿ. ಬಿಚ್ಚಲು ಮನೆಯವರು ಒಪ್ಪದಿದ್ದರೆ ಭೂತಗನ್ನಡಿ ಒಂದರಿಂದಲೇ "ಇದು ಆಮೇಲೆ ಹಾಕಿಸಿದ್ದು" ಅಂತ ಹೇಳಬಹುದು. "ಕಾರ್ಖಾನೆಯದ್ದೇ" ಅಂತ ಮಾತ್ರ ಅಷ್ಟರಿಂದ ಹೇಳಬೇಡಿ.